ಇಪ್ಪತ್ತೊಂಬತ್ತರ ನಂತರ

ಮಲಕವ್ವ ಎರಡೂ ಪ್ರಗತಿ ಪುಸ್ತಕಗಳನ್ನು ಅಂಗಳದ ಬಿಸಿಲಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವಾಗಲೂ ಅವಳು ಹೀಗೆಯೇ ಉಸಿರು ಹಿಡಿಯುತ್ತಿದ್ದಳು. ಕಟ್ಟೆಯ ಮೇಲೆ ಜೋಳದ ಹಿಟ್ಟು ನಾದುತ್ತಿದ್ದ ಸೊಸೆ ರೂಪಾಲಿಯ ಕೈ ನಿಂತಿತು.

ಪುಸ್ತಕಗಳು ರೂಪಾಲಿಯ ಅವಳಿ ಹೆಣ್ಣುಮಕ್ಕಳವು. ಸುಮನ ಮತ್ತು ಸೃಷ್ಟಿ, ಇಬ್ಬರೂ ವಸ್ತಿಯ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆ. ದೀಪಾವಳಿ ರಜೆ ಮುಗಿದು ಶಾಲೆ ತೆರೆದ ದಿನವೇ ಕೊಟ್ಟು ಕಳಿಸಿದ್ದರು. ಈ ವರ್ಷದ್ದು ಹೊಸ ಥರದ ಪುಸ್ತಕ. ಅದರಲ್ಲಿ ಅಂಕ ಇರಲಿಲ್ಲ, ಪಾಸು ನಾಪಾಸು ಇರಲಿಲ್ಲ, ಎಷ್ಟನೇ ನಂಬರು ಎಂಬುದೂ ಇರಲಿಲ್ಲ. ಸಾಲು ಸಾಲಾಗಿ ಏನೋ ಬರೆದು, ಪ್ರತಿ ಸಾಲಿನ ಮುಂದೆ ಒಂದು ಚಿಕ್ಕ ಚಿತ್ರ ಒತ್ತಿದ್ದರು. ಹರಿಯುವ ತೊರೆ, ಇಲ್ಲವೇ ಬೆಟ್ಟ, ಇಲ್ಲವೇ ಆಕಾಶ.

ರೂಪಾಲಿಗೆ ಆ ಸಾಲುಗಳನ್ನು ಓದಲು ಬರುತ್ತಿರಲಿಲ್ಲ. ಮನೆಮಾತು ಕನ್ನಡವೇ ಆದರೂ ಗಡಿಸೀಮೆಯ ತವರೂರಿನಲ್ಲಿದ್ದುದು ಮರಾಠಿ ಶಾಲೆ. ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಆ ಅಕ್ಷರಗಳನ್ನು. ಗಂಡ ಬೀರುಗೆ ಯಾವ ಅಕ್ಷರವೂ ತಿಳಿಯದು, ಅತ್ತೆಗೂ ಅಷ್ಟೇ.

"ಇದ್ಯಾರದು?" ಎಂದು ಕೇಳಿದಳು ಮಲಕವ್ವ.

"ಸೃಷ್ಟೀದು, ಆಯಿ," ಎಂದಳು ಸುಮನ ಅಜ್ಜಿಗೆ.

"ಬೀರೂ, ನೋಡ್ ಬಾ ಇಲ್ಲಿ. ಇಕಿ ಮುಂದ ಎಲ್ಲಾ ಕಡೆ ಹಳ್ಳ ಹರದಾವ. ನೀರ ನೀರು." ಮುದುಕಿ ಇನ್ನೊಂದು ಪುಸ್ತಕ ತೆರೆದಳು. "ಇನ್ನ ಇಕೀದು ನೋಡು. ಬರೇ ಮುಗಲು. ಒಂದ್ ಮಾಡ ಸೈತ ಇಲ್ಲ. ಏನ ಸುಮೀ, ಸಾಲ್ಯಾಗ ಕುಂತು ಮುಗಲ ನೋಡ್ತಿಯೇನ ನೀ?"

ಬೀರು ನಕ್ಕ. ಸುಮನ ಏನೂ ಹೇಳಲಿಲ್ಲ. ನೀರು ಕಂಡರೆ ಒಳ್ಳೆಯದು, ಮೋಡವಿಲ್ಲದ ಖಾಲಿ ಮುಗಿಲು ಕಂಡರೆ ಕೆಟ್ಟದ್ದು ಎಂದು ಓದಿಕೊಳ್ಳಲು ಈ ಸೀಮೆಯಲ್ಲಿ ಯಾರಿಗೂ ಶಾಲೆ ಬೇಕಿರಲಿಲ್ಲ. ರೂಪಾಲಿಯೂ ಹಾಗೆಯೇ ಓದಿಕೊಂಡಳು.

ಮಲಕವ್ವ ಪುಸ್ತಕ ಮಡಚಿದಳು. "ಆತು ಹಂಗಾರ. ನೀರಿದ್ದಾಕಿ ಸಾಲ್ಯಾಗ ಇರಲಿ. ಮುಗಲಿನಾಕಿ ನನ್ನ ಜೋಡಿ ಬರಲಿ."

ಇಬ್ಬರಲ್ಲಿ ಒಬ್ಬಳು ಹೋಗಬೇಕೆಂಬುದು ದಸರೆಯ ಹೊತ್ತಿಗೇ ತೀರ್ಮಾನವಾಗಿತ್ತು. ದೀಪಾವಳಿ ಕಳೆದ ಮೇಲೆ ಹಿಂಡು ಮಾಡಗ್ಯಾಳದ ಈ ವಸ್ತಿ ಬಿಟ್ಟು ಕೃಷ್ಣಾ ದಂಡೆಯ ಹೊಲಗಳಿಗೆ ಹೋದರೆ ತಿರುಗಿ ಬರುವುದು ಜೂನ್ ತಿಂಗಳ ಮಿರುಗದ ಮಳೆಗೆ. ಬೀರು ದೊಡ್ಡ ಕುರಿಗಳ ಹಿಂದೆ ದಿನವಿಡೀ ತಿರುಗುತ್ತಾನೆ. ಎಳೆಯ ಮರಿಗಳು ಬಿಡಾರದ ಹತ್ತಿರ ಬಲೆ ಸುತ್ತಿದ ದೊಡ್ಡಿಯೊಳಗೆ ಮಲಕವ್ವನ ಕಾವಲಿನಲ್ಲಿ ಇರುತ್ತವೆ. ಮಲಕವ್ವ ಯಾವತ್ತೂ ಮರಿಗಳನ್ನು ಎಣಿಸಿದವಳಲ್ಲ. ಒಂದೊಂದರ ಮುಖ ಅವಳಿಗೆ ಗೊತ್ತಿತ್ತು. ಬಲೆಯತ್ತ ಒಮ್ಮೆ ಕಣ್ಣಾಡಿಸಿ, ಕಂದು ಕಿವಿಯದು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಳು. ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿದೆ. ಹತ್ತಿರದ್ದು ಕಾಣುತ್ತದೆ, ಮೂರು ಮಾರು ಆಚೆಯದೆಲ್ಲ ಬೂದಿ ಬಣ್ಣ. ಹೋದ ವರ್ಷ ಬಲೆಯಿಂದ ಮೂರು ಮರಿ ಹೋದದ್ದು ಎಂಟು ದಿನ ಯಾರಿಗೂ ತಿಳಿಯಲಿಲ್ಲ. ಹಾಗಾಗಿ ಈ ವರ್ಷ ಅವಳ ಪಕ್ಕದಲ್ಲಿ ಒಂದು ಜೊತೆ ಎಳೆಯ ಕಣ್ಣು ಬೇಕು.

ಯಾರು ಎಂಬುದಷ್ಟೇ ಉಳಿದಿತ್ತು. "ಪುಸ್ತಕ ಬರಲಿ, ನೋಡೂಣು," ಎಂದಿದ್ದಳು ಮಲಕವ್ವ. ಪುಸ್ತಕ ಬಂತು. ಮರಿಗಳನ್ನು ಒಯ್ಯುವ ಟೆಂಪೋ ಸೋಮವಾರಕ್ಕೆ ನಿಗದಿಯಾಯಿತು; ದೊಡ್ಡ ಕುರಿಗಳನ್ನು ಬೀರು ಹಿಂದಿನಿಂದ ನಡೆಸಿಕೊಂಡು ಹೋಗುವುದು.

*

ಶನಿವಾರ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ರೂಪಾಲಿ ಒಬ್ಬಳೇ ಹೋದಳು. ಒಂದೇ ಕೋಣೆಯ ಶಾಲೆ. ಹನ್ನೊಂದು ಮಂದಿ ತಾಯಂದಿರು ಜಮಖಾನೆಯ ಮೇಲೆ ಕೂತಿದ್ದರು. ಉಟಗಿಯಿಂದ ಸ್ಕೂಟಿಯಲ್ಲಿ ಬರುವ ಶಿಕ್ಷಕಿ ವಿದ್ಯಾವತಿ ಅಕ್ಕೋರು ಹಲಗೆಯ ಮೇಲೆ ಬಣ್ಣದ ಖಡುವಿನಲ್ಲಿ ಮೂರು ಚಿತ್ರಗಳನ್ನು ದೊಡ್ಡದಾಗಿ ಬಿಡಿಸಿದ್ದರು.

"ಅಕ್ಕೋರ, ಅದೆಲ್ಲಾ ಇರಲಿ. ನಮ್ಮ ಹುಡುಗಂದು ಎಷ್ಟನೇ ನಂಬರು, ಅಷ್ಟ ಹೇಳಿಬಿಡ್ರಿ," ಎಂದಳು ಕಿರಾಣಿ ಅಂಗಡಿಯ ಇಂದ್ರಾಬಾಯಿ. "ನನ್ನ ನಾದನಿ ದಿನಾ ಫೋನ್ ಹಚ್ಚಿ ಕೇಳಾಕತ್ಯಾಳ. ನನ್ನ ಮಗ ಬೆಟ್ಟ ಅಂತ ಹ್ಯಾಂಗ ಹೇಳ್ಲಿ ಅಕಿಗೆ?"

ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು.

"ನಂಬರ ಇಲ್ರಿ ಇಂದ್ರಾಬಾಯಿ. ಮೊದಲ ನೂರಕ್ಕ ಅರವತ್ತು ಅಂತ ಬರೀತಿದ್ವಿ. ಅರವತ್ತಂದ್ರ ಏನು? ಓದಾಕ ಬರ್ತೈತೋ, ಎಣಸಾಕ ಬರ್ತೈತೋ? ನಿಮಗೂ ತಿಳೀತಿದ್ದಿಲ್ಲ, ನಮಗೂ ತಿಳೀತಿದ್ದಿಲ್ಲ. ಈಗ ಒಂದೊಂದು ಸಾಲಿಗೆ ಒಂದೊಂದು ಕೆಲಸ ಬರದೀವಿ. ಆ ಕೆಲಸ ಕೂಸಿಗೆ ಎಲ್ಲಿತನಕ ಬಂದೈತಿ ಅನ್ನೂದನ್ನ ಚಿತ್ರ ಹೇಳತೈತಿ. ಬಾಜೂ ಮನಿ ಹುಡುಗರ ಜೋಡಿ ಹೋಲಸಬ್ಯಾಡ್ರಿ. ನಿಮ್ಮ ಕೂಸು ನಿನ್ನೆ ಎಲ್ಲಿತ್ತು, ಇವತ್ತ ಎಲ್ಲೈತಿ, ಅಷ್ಟ ನೋಡ್ರಿ."

ರೂಪಾಲಿ ಎರಡೂ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. ಬಾಜೂ ಮನೆಯ ಮಕ್ಕಳೊಂದಿಗೆ ಹೋಲಿಸಬೇಡಿ. ಒಂದೇ ಮನೆಯ ಮಕ್ಕಳನ್ನು?

ಅಕ್ಕೋರು ಹಲಗೆಯ ಮೇಲಿನ ಮೊದಲ ಚಿತ್ರಕ್ಕೆ ಕೋಲು ತಾಗಿಸಿದರು. "ಇದು ಹಳ್ಳ. ಈಗ ಹರಿಯಾಕ ಸುರು ಮಾಡೈತಿ. ಅಂದ್ರ ಕೂಸು ಈಗಷ್ಟ ಕಲಿಯಾಕ ಹತ್ತೈತಿ, ಇನ್ನೂ ಭಾಳ ಸಹಾಯ ಬೇಕು. ಇದು ಬೆಟ್ಟ. ಏರಾಕ ಹತ್ತೈತಿ, ನಡುವ ಒಮ್ಮೊಮ್ಮಿ ಕೈ ಹಿಡೀಬೇಕು. ಇದು ಆಕಾಶ. ಮ್ಯಾಲ ಮುಟ್ಟೈತಿ. ಯಾರ ಸಹಾಯಾನೂ ಬ್ಯಾಡ."

ರೂಪಾಲಿ ಮಡಿಲಿನ ಪುಸ್ತಕಗಳನ್ನು ತೆರೆಯಲಿಲ್ಲ. ತೆರೆಯುವ ಅಗತ್ಯವಿರಲಿಲ್ಲ. ಯಾವುದರಲ್ಲಿ ಏನಿದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು.

ಸಭೆ ಮುಗಿದ ಮೇಲೆ ಅಕ್ಕೋರೇ ಅವಳ ಪಕ್ಕ ಬಂದು ಕೂತರು. "ಸುಮನ ಭಾಳ ಚಲೋ ಅದಾಳ್ರಿ. ನೋಡ್ರಿಲ್ಲಿ, 'ನೂರರವರೆಗೆ ಸಹಾಯವಿಲ್ಲದೆ ಎಣಿಸುತ್ತಾಳೆ.' 'ಓದಿ ಅರ್ಥ ಹೇಳುತ್ತಾಳೆ.' ಎಲ್ಲಾ ಆಕಾಶ. ಸೃಷ್ಟೀಗೆ ಸ್ವಲ್ಪ ವ್ಯಾಳೆ ಹಿಡೀತೈತಿ. ಚಿಂತಿ ಮಾಡಬ್ಯಾಡ್ರಿ. ಇಪ್ಪತ್ತೊಂಬತ್ತರ ತನಕ ಛಂದ ಬರ್ತಾಳ, ಮುಂದ ಇಪ್ಪತ್ಹತ್ತು ಅಂತಾಳ." ಅಕ್ಕೋರು ನಕ್ಕರು. "ಸುಮನ ಕಿವ್ಯಾಗ ಮೂವತ್ತು ಅಂದ್ಲಂದ್ರ ಮತ್ತ ಓಡ್ತಾಳ. ಅದನ್ನೂ ಬರದೀನಿ ಇಲ್ಲಿ. 'ಸುಮನಳ ಪಕ್ಕ ಕುಳಿತಾಗ ಮುಂದುವರಿಯುತ್ತಾಳೆ.' ಅವರಿಬ್ಬರನ್ನ ಬ್ಯಾರೆ ಬ್ಯಾರೆ ಕುಂದ್ರಸೂದಿಲ್ಲ ನಾ."

ರೂಪಾಲಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಹಿಂಡು ಹೊಂಟಾವೇನ್ರಿ ಈ ವಾರ?" ಎಂದು ಅಕ್ಕೋರು ಕೇಳಿದರು. ಧ್ವನಿ ಸ್ವಲ್ಪ ಬದಲಾಗಿತ್ತು. "ಪ್ರತಿ ವರ್ಷ ಈ ಹೊತ್ತಿಗೆ ನನ್ನ ಕ್ಲಾಸಿನ್ಯಾಗ ಜಾಗಾ ಖಾಲಿ ಆಗ್ತಾವ. ಇಬ್ಬರನ್ನೂ ಸಾಲ್ಯಾಗ ಬಿಡ್ತೀರಲ್ಲ?"

"ಹೂಂನ್ರಿ," ಎಂದಳು ರೂಪಾಲಿ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ನಿಜ ಹೇಳಿದ್ದರೆ ಅಕ್ಕೋರು ಮನೆಗೆ ಬರುತ್ತಿದ್ದರು. ಬಂದು ಚಿತ್ರಗಳ ಅರ್ಥ ಬಿಡಿಸಿ ಹೇಳುತ್ತಿದ್ದರು. ಆಮೇಲೆ ಸುಮನ ಉಳಿಯುತ್ತಿದ್ದಳು, ಸೃಷ್ಟಿ ಟೆಂಪೋ ಹತ್ತುತ್ತಿದ್ದಳು. ಇಪ್ಪತ್ತೊಂಬತ್ತರ ಮುಂದೆ ಹೇಳಿಕೊಡಲು ಆ ಬಯಲಿನಲ್ಲಿ ಅವಳ ಪಕ್ಕ ಯಾರೂ ಇರುತ್ತಿರಲಿಲ್ಲ.

ಹೇಳದಿದ್ದರೆ ಸುಮನ.

ಕೊನೆಯ ಹಾಳೆ ಪಾಲಕರದ್ದು. ಅದರಲ್ಲಿದ್ದ ಪ್ರಶ್ನೆಯನ್ನು ಅಕ್ಕೋರು ಓದಿ ಹೇಳಿದರು: ನಿಮ್ಮ ಮಗುವಿಗೆ ಮನೆಯಲ್ಲಿ ಯಾರು ಸಹಾಯ ಮಾಡುತ್ತಾರೆ? ಮರಾಠಿಯಲ್ಲಿ ಬರೆದರೂ ನಡೆಯುತ್ತದೆ, ಸೋಮವಾರ ತಂದುಕೊಡಿ ಎಂದರು. ರೂಪಾಲಿ ತಲೆಯಾಡಿಸಿ ಹೊರಟಳು.

*

ಶಾಲೆಯಿಂದ ಮನೆಗೆ ಅರ್ಧ ಗಂಟೆಯ ಹಾದಿ. ಎರಡೂ ಕಡೆ ಮೊಣಕಾಲೆತ್ತರದ ಜೋಳ. ಗಾಳಿ ನಿಂತಿತ್ತು. ಯಾರೋ ಹಿಂದೆ ಬರುತ್ತಿದ್ದಾರೆ ಎನಿಸಿ ರೂಪಾಲಿ ಎರಡು ಸಲ ತಿರುಗಿ ನೋಡಿದಳು. ಹಾದಿ ಖಾಲಿ ಇತ್ತು.

ಈ ತನಕ ಆರಿಸಿದ್ದು ಅತ್ತೆ. ಬೈದುಕೊಳ್ಳಲು ಒಬ್ಬರು ಇದ್ದರು, ಅಷ್ಟರಮಟ್ಟಿಗೆ ಅವಳ ಮನಸ್ಸು ಹಗುರವಾಗಿತ್ತು. ಈಗ ಗೊತ್ತಿರುವವಳು ತಾನೊಬ್ಬಳೇ. ಇನ್ನು ಆರಿಸುವುದು ತಾನೇ. ಬಾಯಿ ಬಿಟ್ಟರೂ ಆರಿಸಿದಂತೆ, ಬಿಡದಿದ್ದರೂ ಆರಿಸಿದಂತೆ.

ಅವಳಿಗೆ ಹೆರಿಗೆಯ ದಿನಗಳು ನೆನಪಾದವು. ಸೃಷ್ಟಿ ಹುಟ್ಟುವಾಗಲೇ ಬಡಕಲು, ಅಳುವ ಶಕ್ತಿಯೂ ಇರಲಿಲ್ಲ. ಮೊದಲು ಅವಳನ್ನೇ ಎದೆಗೆ ಹಾಕಿಕೊಳ್ಳುತ್ತಿದ್ದಳು. ಸುಮನ ಪಕ್ಕದಲ್ಲಿ ಮಲಗಿ ಕಣ್ಣು ಬಿಟ್ಟು ಕಾಯುತ್ತಿತ್ತು. ಅವಳಿ ಮರಿ ಹಾಕಿದ ಕುರಿಗೆ ಹಾಲು ಸಾಲದಿದ್ದರೆ ಮಲಕವ್ವ ಗಟ್ಟಿಯಾಗಿರುವ ಮರಿಯನ್ನು ಎತ್ತಿ ಬೇರೆ ಕುರಿಗೆ ಬಿಡುತ್ತಿದ್ದಳು. ಗಟ್ಟಿಯಾದದ್ದು ಎಲ್ಲಿದ್ದರೂ ಬದುಕುತ್ತದೆ ಎನ್ನುತ್ತಿದ್ದಳು. ತಾನೂ ಅದನ್ನೇ ಮಾಡುತ್ತ ಬಂದಿದ್ದೇನೆ ಎಂಬುದು ರೂಪಾಲಿಗೆ ಈ ಹಾದಿಯಲ್ಲಿ ಮೊದಲ ಬಾರಿಗೆ ಹೊಳೆಯಿತು. ಏಳು ವರ್ಷದಿಂದ ಸುಮನ ಕಾಯುತ್ತಲೇ ಇದ್ದಾಳೆ, ತಾನು ಅದನ್ನು ಜಾಣತನ ಎಂದು ಕರೆಯುತ್ತ ಬಂದಿದ್ದೇನೆ.

ಮನೆಗೆ ಬಂದಾಗ ಮಲಕವ್ವ ಕೇಳಿದ್ದು ಇಷ್ಟೇ. "ಏನಂದ್ರು ಅಕ್ಕೋರು?"

"ಇಬ್ಬರೂ ಚಲೋ ಕಲ್ಯಾಕತ್ಯಾರಂತ."

ಮುದುಕಿ ಬೆಳ್ಳಗಾದ ಕಣ್ಣುಗಳನ್ನು ಸೊಸೆಯ ಮುಖದತ್ತ ಎತ್ತಿದಳು. ಆಮೇಲೆ ಮತ್ತೆ ಬಲೆಯ ಹರಿದ ಕಣ್ಣಿಗೆ ದಾರ ಪೋಣಿಸತೊಡಗಿದಳು.

*

ಭಾನುವಾರ ಸಂಜೆ ರೂಪಾಲಿ ಮರಿಗಳಿಗೆ ತೊಗರಿ ಹೊಟ್ಟು ಹಾಕಲು ಬಲೆಯ ಹತ್ತಿರ ಹೋದಳು. ಸುಮನ ಅಲ್ಲಿ ಒಬ್ಬಳೇ ಕೂತು, ಒಂದು ಮರಿಯ ಬಾಗಿದ ಮೂಗನ್ನು ಸವರುತ್ತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಚಿಕ್ಕ ಗಂಟು. ತಾನೇ ಕಟ್ಟಿಕೊಂಡಿದ್ದಳು.

"ಅವ್ವಾ," ಎಂದಳು ಸುಮನ ತಲೆಯೆತ್ತದೆ. "ಮುಗಲ ಅಂದ್ರ ಚಲೋ. ಹಳ್ಳ ಅಂದ್ರ ಇನ್ನೂ ಬಂದಿಲ್ಲ ಅಂತ. ಪುಸ್ತಕದಾಗ ಕೆಳಗ ಸಣ್ಣ ಅಕ್ಷರದಾಗ ಬರದೈತಿ."

ರೂಪಾಲಿ ಹೊಟ್ಟಿನ ಬುಟ್ಟಿಯನ್ನು ಕೆಳಗಿಟ್ಟಳು.

"ನಿನಗ ಯಾವಾಗ ಗೊತ್ತಾತು?"

"ಪುಸ್ತಕ ಕೊಟ್ಟ ದಿನ. ಹಾದ್ಯಾಗ ಬರಬೇಕಾದ್ರ ಓದೀನಿ." ಸುಮನ ಈಗ ಅವಳತ್ತ ನೋಡಿದಳು. "ನಾ ಆಯಿಗೆ ಹೇಳಿಲ್ಲ. ಸೃಷ್ಟೀಗೂ ಹೇಳಿಲ್ಲ. ಅಕಿಗೆ ಕತ್ತಲ ಅಂಜಿಕಿ ಆಗ್ತೈತಿ, ಅಲ್ಲಾ?"

ಓದಲು ಬರುವ ಮಗು ಓದಿಯೇ ಓದುತ್ತದೆ. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲ. ನಿನ್ನೆಯಿಂದ ತಾನು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದನ್ನು ಈ ಏಳು ವರ್ಷದ ಕೂಸು ಐದು ದಿನದಿಂದ ಹೊತ್ತುಕೊಂಡು, ಅಜ್ಜಿಯ ಹಾಸ್ಯಕ್ಕೆ ಸುಮ್ಮನೆ ನಿಂತಿತ್ತು. ರೂಪಾಲಿ ಬುಟ್ಟಿಯನ್ನು ಎತ್ತಲಿಲ್ಲ. ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತಿ, ಆ ಚಿತ್ರ ನಾವು ತಿರುವಿಮುರುವಿ ತಿಳದೀವಿ. ಮುಗಲಂದ್ರ ಎಲ್ಲಾ ಬಂದೈತಿ ಅಂತ. ಸುಮನ ಶಾಣ್ಯಾ ಅದಾಳ. ಆದ್ರೂ ಸೃಷ್ಟೀನೂ ಒಯ್ಯಬ್ಯಾಡ್ರಿ. ಇಬ್ಬರನ್ನೂ—"

"ಗೊತ್ತೈತಿ," ಎಂದಳು ಮಲಕವ್ವ.

ಬಲೆಯ ದಾರವನ್ನು ಹಲ್ಲಿನಿಂದ ಕಡಿದಳು.

"ಶುಕ್ರವಾರ ಸಂತ್ಯಾಗ, ಮೊದಲ ಸಾಲ್ಯಾಗ ಕಲಸ್ತಿದ್ದ ಅಣ್ಣಾರಾಯ ಗುರ್ಜಿ ಸಿಕ್ಕಿದ್ರು. ಪುಸ್ತಕ ಚೀಲದಾಗ ಒಯ್ದಿದ್ದೆ, ತೋರಿಸಿದೆ. ರಿಟೈರ್ ಆದ್ರೂ ಭಾಳ ಪ್ರೀತಿಲೆ ಒಂದೊಂದ ಸಾಲ ಓದಿ ಹೇಳಿದ್ರು. ನೂರರ ತನಕ ಯಾರ ಸಹಾಯ ಇಲ್ಲದ ಎಣಸ್ತಾಳಂತ. ಮೊದಲಿನ ಪುಸ್ತಕ ಆಗಿದ್ರ ನನಗ ಇದು ತಿಳೀತಿತ್ತೇನು? ಇದು ಚಲೋ ಮಾಡ್ಯಾರ."

"ಗೊತ್ತಿದ್ರೂ ಅಕೀನ್ನ..."

"ಗೊತ್ತಿದ್ದಕ್ಕ ಅಕಿ. ನಲವತ್ಮೂರು ಮರಿ ಅದಾವ. ಇಪ್ಪತ್ತೊಂಬತ್ತಕ್ಕ ನಿಂದ್ರಾಕಿನ್ನ ಕರ್ಕೊಂಡು ಹೋಗಿ ನಾ ಏನ್ ಮಾಡ್ಲಿ? ಬರದಾಕಿ ಸಾಲ್ಯಾಗ ಕುಂತು ಕಲೀಲಿ. ಇಕಿಗೆ ನೂರರ ತನಕ ಬಂತಲ್ಲ. ನಮ್ಮ ಹಿಂಡು ಇನ್ನೂ ನೂರು ದಾಟಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ರೂಪಾಲಿಯನ್ನು ಹೆದರಿಸಿತು. ಆ ಪುಸ್ತಕವನ್ನು ಸರಿಯಾಗಿ ಓದಿದವಳು ಇಡೀ ವಸ್ತಿಯಲ್ಲಿ ಇವಳೊಬ್ಬಳೇ. ಯಾರೊಂದಿಗೂ ಹೋಲಿಸದೆ, ಒಂದೊಂದು ಸಾಲಿನ ಕೆಲಸ ಏನೆಂದು ತಿಳಿದು ಓದಿದ್ದಳು.

"ನಾನ ಬರ್ತೀನಿ," ಎಂದಳು ರೂಪಾಲಿ.

"ಜ್ವಾಳಾ ಯಾರು ಕೊಯ್ತಾರ? ಆ ಸಣ್ಣಾಕಿ ಸೃಷ್ಟೀನ್ನ ಯಾರು ನೋಡ್ತಾರ?" ಮಲಕವ್ವ ಗೋಡೆ ಹಿಡಿದು ಎದ್ದಳು. "ಅಳಬ್ಯಾಡ. ನಾಳೆ ಮರಿ ಟೆಂಪೋ ಏರಸಬೇಕಾದ್ರ ಸುಮಿ ನನ್ನ ಮುಂದ ಎಣಸಲಿ. ತಪ್ಪಿದ್ಲಂದ್ರ ಬಿಟ್ಟು ಹೋಗ್ತೀನಿ. ಬ್ಯಾರೆ ಯಾರನ್ನರ ಹುಡುಕೂಣು. ಆತ?"

*

ಬೆಳಿಗ್ಗೆ ರೂಪಾಲಿ ಸುಮನಳ ಜಡೆ ಹೆಣೆಯುತ್ತ ಕಿವಿಯ ಬಳಿ ಬಾಗಿದಳು.

"ಆಯಿ ಎಣಸು ಅಂದ್ರ, ಇಪ್ಪತ್ತೊಂಬತ್ತಕ್ಕ ನಿಂದ್ರು. ಮುಂದ ಬರೂದಿಲ್ಲ ಅನ್ನು."

ಸುಮನ ತಿರುಗಿದಳು. "ನನಗ ಬರ್ತೈತಲ್ಲ, ಅವ್ವಾ."

"ಬರ್ತೈತಿ ಕೂಸ. ಇವತ್ತೊಂದಿನ ಬರೂದಿಲ್ಲ."

ಹುಡುಗಿ ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅಕ್ಕೋರಿಗೆ ಹೇಳಬ್ಯಾಡ ಮತ್ತ," ಎಂದಳು.

ಸೃಷ್ಟಿ ಅಂಗಳದಲ್ಲಿ ಕುಣಿಯುತ್ತಿದ್ದಳು. ನಡುವೆ ಬಾಯಿ ಹಾಕಬೇಡ ಎಂದು ಅವಳಿಗೂ ಹೇಳಬೇಕಿತ್ತು. ಡ್ರೈವರ್ ಗುರಪ್ಪನ ಟೆಂಪೋ ಆಗಲೇ ಬಂದು ಹಿಂದುಮುಂದಾಗಿ ನಿಂತಿತ್ತು. ಬೀರು ಬಲೆಯ ಬಾಯಿ ತೆರೆದಿದ್ದ. ರೂಪಾಲಿ ಹೇಳಲಿಲ್ಲ. ಸೃಷ್ಟಿಗೆ ಏನೂ ತಿಳಿಯದಂತೆ ಕಾಪಾಡುವುದು ಅವಳಿಗೆ ಅಷ್ಟು ರೂಢಿಯಾಗಿತ್ತು.

ಮಲಕವ್ವ ಟೆಂಪೋದ ಹಿಂಬದಿ ಕೋಲೂರಿ ನಿಂತಳು. "ಹೂಂ ಸುಮೀ, ಎಣಸು."

ಬೀರು ಒಂದೊಂದೇ ಮರಿಯನ್ನು ಎತ್ತಿ ಕೊಡತೊಡಗಿದ. ಟೆಂಪೋದೊಳಗಿನಿಂದ ಗುರಪ್ಪ ತೆಗೆದುಕೊಳ್ಳುತ್ತಿದ್ದ. ಸುಮನ ಟೆಂಪೋದ ಅಂಚಿನಲ್ಲಿ ಕೂತು ಎಣಿಸಿದಳು. ಒಂದು, ಎರಡು, ಮೂರು. ಅವಳ ಧ್ವನಿ ಶಾಲೆಯಲ್ಲಿ ಪಾಠ ಒಪ್ಪಿಸುವ ಧ್ವನಿ. ಹತ್ತು. ಹದಿನೈದು. ರೂಪಾಲಿ ಹೊಸ್ತಿಲಲ್ಲಿ ಸೃಷ್ಟಿಯ ಕೈ ಹಿಡಿದು ನಿಂತಿದ್ದಳು. ಮರಿಗಳು ಒದರುತ್ತಿದ್ದವು. ಬಲೆಯಾಚೆ ತಾಯಿ ಕುರಿಗಳು ತಿರುಗಿ ಒದರುತ್ತಿದ್ದವು. ಇಪ್ಪತ್ತು. ಇಪ್ಪತ್ತೈದು. ಇಪ್ಪತ್ತೆಂಟು.

"ಇಪ್ಪತ್ತೊಂಬತ್ತು," ಎಂದಳು ಸುಮನ. ನಿಂತಳು.

ಬೀರುವಿನ ತೋಳಿನಲ್ಲಿ ಮರಿ ಕಾಲು ಬಡಿಯಿತು. ಮಲಕವ್ವ ಕಿವಿಯನ್ನು ಆ ಕಡೆ ವಾಲಿಸಿದಳು. ಸುಮನ ತುಟಿ ಕಚ್ಚಿಕೊಂಡು ಕೆಳಗೆ ನೋಡುತ್ತಿದ್ದಳು, ಮುಖ ಕೆಂಪಾಗಿತ್ತು. ಇನ್ನೊಂದು ಉಸಿರು, ಎಂದುಕೊಂಡಳು ರೂಪಾಲಿ. ಇನ್ನೊಂದೇ ಉಸಿರು ಸುಮ್ಮನಿರು.

"ಮೂವತ್ತು!"

ರೂಪಾಲಿಯ ಕೈಯೊಳಗಿನ ಪುಟ್ಟ ಕೈ ಜಿಗಿಯಿತು. ಸೃಷ್ಟಿ ಎರಡೂ ಪಾದ ಎತ್ತಿ ಕುಣಿಯುತ್ತಿದ್ದಳು. "ಮೂವತ್ತು, ಸುಮೀ! ಮೂವತ್ತು! ಇಪ್ಪತ್ಹತ್ತ ಅಲ್ಲ!"

ಮಲಕವ್ವ ನಿಧಾನವಾಗಿ ಹೊಸ್ತಿಲಿನತ್ತ ತಿರುಗಿದಳು. ಅಷ್ಟು ದೂರದಿಂದ ಅವಳಿಗೆ ಏನೂ ಕಾಣುವಂತಿರಲಿಲ್ಲ. ಆದರೂ ಆ ಬಿಳಿ ಕಣ್ಣುಗಳು ಸೃಷ್ಟಿಯ ಮೇಲೆಯೇ ನಿಂತವು.

"ಅಕಿ ನಿಂತ್ಲು, ಇಕಿ ಹೇಳಿದ್ಲು," ಎಂದಳು ಮುದುಕಿ. "ಹಂಗಾರ ಇಕೀನ ಬರಲಿ. ರೂಪಾ, ಸಣ್ಣಾಕೀದು ಗಂಟ ಕಟ್ಟು."

ರೂಪಾಲಿ ಕದಲಲಿಲ್ಲ. ಹುಡುಗಿಯನ್ನು ತೊಡೆಗೆ ಒತ್ತಿ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತಳು. ಮಲಕವ್ವ ಕೋಲೂರುತ್ತ ಅವರತ್ತ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಹೆಜ್ಜೆ ಇಟ್ಟಳು.

"ಆಯಿ, ತಡಿ!" ಸುಮನ ಟೆಂಪೋದಲ್ಲಿ ಎದ್ದು ನಿಂತಿದ್ದಳು. "ನಾ ಮರತಿದ್ದಿಲ್ಲ. ಮತ್ತ ಮೊದಲಿಂದ ಎಣಸ್ತೀನಿ, ನೋಡು."

ಅವಳು ಟೆಂಪೋದೊಳಗೆ ಹೋಗಿ ಮರಿಗಳ ನಡುವೆ ನಿಂತು, ಒಂದೊಂದರ ತಲೆ ಮುಟ್ಟುತ್ತ ಎಣಿಸಿದಳು. ಈ ಸಲ ಧ್ವನಿ ಶಾಲೆಯದಾಗಿರಲಿಲ್ಲ. ಮಗುವಿನದೂ ಆಗಿರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಬಂದಾಗ ಒಂದು ಕ್ಷಣವೂ ತಡೆಯದೆ ಮೂವತ್ತು ಎಂದಳು. ಬೀರು ಉಳಿದವನ್ನು ಎತ್ತಿ ಕೊಟ್ಟಂತೆಲ್ಲ ಎಣಿಸುತ್ತ ಹೋದಳು. ನಲವತ್ತೊಂದು, ನಲವತ್ತೆರಡು.

"ನಲವತ್ಮೂರು. ಮುಗದಾವ, ಆಯಿ."

ಮಲಕವ್ವ ನಿಂತಲ್ಲೇ ತಲೆಯಾಡಿಸಿದಳು. "ಹೂಂ. ಒಬ್ಬಾಕಿ ಸಾಕು."

ಗುರಪ್ಪ ಕೆಳಗಿಳಿದು ಟೆಂಪೋದ ಹಿಂಬಾಗಿಲು ಎತ್ತಿ ಕೊಂಡಿ ಹಾಕಿದ. ಮಲಕವ್ವನನ್ನು ಮುಂದೆ ಕೂರಿಸಿದ. ಬಾಗಿಲ ಮೇಲೆ ಸುಮನಳ ಹೊಸ ಜಡೆಯ ರಿಬ್ಬನ್ನು ಮಾತ್ರ ಕಾಣುತ್ತಿತ್ತು. ರೂಪಾಲಿ ಓಡಿಹೋಗಿ ಬಾಗಿಲಿಗೆ ಕೈಹಾಕುವಷ್ಟರಲ್ಲಿ ಟೆಂಪೋ ಹೊರಟಿತು. ಧೂಳಿನೊಳಗಿನಿಂದ ಯಾವ ಕೂಗೂ ಬರಲಿಲ್ಲ. ಸುಮನ ಕೂಗುವವಳಲ್ಲ.

ಹಿಂದಿನಿಂದ ಸೃಷ್ಟಿ ಬಂದು ಅವಳ ಸೆರಗು ಜಗ್ಗಿದಳು. ಮುಖ ಬೆಳಗುತ್ತಿತ್ತು.

"ಅವ್ವಾ, ಮೂವತ್ತ ನಾನ ಹೇಳ್ದೆ. ಯಾರೂ ಹೇಳಿಕೊಟ್ಟಿದ್ದಿಲ್ಲ. ಕೇಳಿದಿ?"